ಕೋಟಿನ ಮ್ಯಾಲಿನ ನಾಕು ಬೆರಳು

ಶಿವಪುತ್ರಪ್ಪ ಟ್ರಂಕನ್ನ ಮೂರನೇ ಸಲ ನೆಲಕ್ಕ ಸುರುವಿದ. ಹಳೇ ರೇಷನ್ ಕಾರ್ಡು, ಲೈಟ್ ಬಿಲ್ಲು, ವಿಕ್ರೋಳಿ ಕಂಪನಿಯವರು ಇಪ್ಪತ್ತೈದು ವರ್ಷದ ಸರ್ವಿಸಿಗೆ ಕೊಟ್ಟ ಸರ್ಟಿಫಿಕೇಟು, ಮಗಳ ಶಾಲಿ ಐಡಿ. ಅವ್ವನ ಫೋಟೋ ಮಾತ್ರ ಇಲ್ಲ. ಇಲ್ಲಂತ ಅವಗ ಮೊದಲ ಗೊತ್ತಿತ್ತು. ಆದ್ರೂ ಹುಡಕತಿದ್ದ. ಹುಡಕೂದು ಬಿಟ್ರ ಹೊರಗಿನ ಹಾಲ್ ಖೋಲಿಗೆ ಹೋಗಬೇಕು, ಹೋದ್ರ ಅಲ್ಲಿ ಕುಂತ ಮಂದಿಗೆ ಮಾರಿ ತೋರಸಬೇಕು.

ಹಾಲವ್ವ ಬೆಳಿಗ್ಗೆ ಐದಕ್ಕ ಹೋಗಿದ್ದಳು. ಎಂಬತ್ತೊಂದು ವರ್ಷ. ಚಹಾ ಕೇಳಿದ್ದಳಂತ, ಚಹಾ ಬರೂದ್ರಾಗ ಮುಗದಿತ್ತು. ಲಿಂಗಾಯತರ ಪೈಕಿ ನೋಡ್ರಿ, ಹೆಣಾ ಮಲಗಸೂದಿಲ್ಲ. ಜಳಕಾ ಮಾಡಿಸಿ, ಇಭೂತಿ ಹಚ್ಚಿ, ಗ್ವಾಡಿಗೆ ಆನಿಸಿ ಕುಂದರಸತಾರ. ಆಂಟಾಪ್ ಹಿಲ್‌ನ ಆ ಒಂದ ರೂಮ್, ಒಂದ ಹಾಲಿನ ಮನ್ಯಾಗ ಆನಿಸಾಕ ಗ್ವಾಡಿ ಅಂದ್ರ ಒಂದ, ಫೋಟೋ ಹಾಕಿದ ಗ್ವಾಡಿ. ಅದಕ್ಕ ಆನಿಸಿ ಕುಂದರಸಿದ್ರು. ನೆತ್ತಿ ಮ್ಯಾಲೆ ಸಾಲಾಗಿ ಎಲ್ಲಾರೂ ಇದ್ರು: ಪಟಗಾ ಸುತ್ತಿದ ಅಜ್ಜ ಸಿದ್ದರಾಮಪ್ಪ, ಸ್ಟುಡಿಯೋ ಕೋಟು ಹಾಕ್ಕೊಂಡು ಕುರ್ಚಿ ಮ್ಯಾಲೆ ಕುಂತ ಅಪ್ಪ ಧರ್ಮಣ್ಣ, ಶಿವಪುತ್ರಪ್ಪ–ನಾಗರತ್ನಾ ಮದವಿದು, ಮಗಳು ಶೀತಲ ಡಿಗ್ರಿ ಟೊಪಗಿ ಹಾಕ್ಕೊಂಡಿದ್ದು. ನಾಕು ತಲಿಮಾರು. ಮಾವಗ ಉಣ್ಣಾಕ ನೀಡಿದಾಕಿ, ಮಗನ್ನ ಹಡದಾಕಿ, ಮೊಮ್ಮಗಳನ್ನ ಎತ್ತಿ ಆಡಿಸಿದಾಕಿ ಕೆಳಗ ಕುಂತಿದ್ದಳು, ಮ್ಯಾಲೆ ಇರಲಿಲ್ಲ.

"ಸಿಕ್ತೇನೋ ಮಾರಾಯಾ?" ಹೊರಗಿಂದ ಹಣಮಂತ ಒದರಿದ. ಸಂಘದ ಸೆಕ್ರೆಟರಿ ಅಂವಾ. ಸತ್ತವರ ಫೋಟೋ ಹಾಕಿ ಬಿಲ್ಡಿಂಗ್ ಗೇಟಿಗೆ ಬ್ಯಾನರ್ ಕಟ್ಟೂ ಕೆಲಸ ಅವಂದು. "ಬ್ಯಾನರ್‌ನಾಂವ ಎರಡ ಸಲ ಫೋನ್ ಮಾಡ್ಯಾನ. ಮೂರಕ್ಕ ಗಾಡಿ ಬರತದ."

"ನೋಡಾಕತ್ತೀನಿ."

"ಇದನ್ನ ಹಾಕೂಣೇನು?" ಹಣಮಂತ ಆಧಾರ್ ಕಾರ್ಡ್ ಹಿಡದು ಬಂದ. ಅದರಾಗಿನ ಫೋಟೋ ಮೊಬೈಲ್ನ್ಯಾಗ ದೊಡ್ಡದು ಮಾಡಿ ತೋರಿಸಿದ. "ನೀನ ಹೇಳು, ಇದು ಹಾಲವ್ವಾಯಿನೋ, ರೊಟ್ಟಿ ಹಂಚಿನ ತಳಾನೋ?"

ಹಾಲಿನ್ಯಾಗ ಇಬ್ಬರು ಹೆಣ್ಣಮಕ್ಕಳು ಸೆರಗಿನ್ಯಾಗ ನಕ್ರು. ನಗಬಾರದಿತ್ತು, ಖರೆ. ಆದ್ರ ಫೋಟೋ ಹಂಗ ಇತ್ತು.

ಶೀತಲ ತನ್ನ ಫೋನ್ ತಗದಳು. ಕಣ್ಣು ಬಾತಿದ್ವು. ಆಕಿ ಕನ್ನಡ ಹರಕಾ ಮುರಕಾ. "ಅಂಕಲ್, ನನ್ನ ಹತ್ರ ಬಹುತ್ ಹೈ, ಲೇಕಿನ್ ನೋಡ್ರಿ. ಇದು ಅಜ್ಜಿ ಬೆನ್ನು. ಇದು ಅಜ್ಜಿ ಸೆರಗು. ಇದು ಅಜ್ಜಿ ಕೈ, ಕ್ಯಾಮೆರಾಕ್ಕೆ ಅಡ್ಡ. ನಾನು ಫೋನ್ ಎತ್ತಿದ್ರೆ ಸಾಕು, ಮೋರೀನೇ ಮುಚ್ತಿದ್ಲು. ಫೋಟೋ ತಗೊಂಡ್ರೆ ಉಮರ್, ಆಯುಷ್ಯ, ಕಮ್ಮಿ ಆಗ್ತದಂತ. ಪಪ್ಪಾನೇ ಹೇಳಿದ್ದು. ಹೈ ನಾ ಪಪ್ಪಾ?"

ಶಿವಪುತ್ರಪ್ಪ ಟ್ರಂಕಿನ ಚಿಲಕಾ ಹಾಕಿದ, ತಗದ, ಮತ್ತ ಹಾಕಿದ. "ಹೂಂ," ಅಂದ.

ಅಷ್ಟೊತ್ತಿಗೆ ಜೇಬುನ್ನೀಸಾ ಬಂದಳು. ಬಿಜಾಪುರದ ಕಡಿಯಾಕಿ, ಹಾಲವ್ವನ ಜೋಡಿ ಹದಿನೈದು ವರ್ಷ ಕಟ್ಟಡದ ಮ್ಯಾಲೆ ಸಿಮೆಂಟಿನ ಬುಟ್ಟಿ, ಘಮೇಲಾ, ಹೊತ್ತಾಕಿ. ಮೊಣಕಾಲು ಹೋಗಿ ಎರಡೂ ಕೈಲೆ ಕೋಲು ಹಿಡದಿದ್ದಳು. ನಾಕನೇ ಮಾಳಗಿ, ಲಿಫ್ಟ್ ಬಂದ್. ಮೆಟ್ಟಲಾ ಮೆಟ್ಟಲಾಕ್ಕ ಕುಂತು, ಬೈದು, ಎದ್ದು ಬಂದಿದ್ದಳು. ಈ ಮನಿಗೆ ಆಕಿ ಹತ್ತಿ ಬಂದಿದ್ದು ಇದ ಮೊದಲ ಸಲ.

"ಏ ಹಾಲಿ," ಅಂತ ಹೆಣದ ಮುಂದ ಕುಂತು ಅದರ ಗಲ್ಲಾ ಹಿಡದಳು. "ನನ್ನ ಬಿಟ್ಟು ಮುಂದ ಹೋದಿ ಅಲ್ಲಗ, ಚಿನಾಲಿ. ಲೈನಿನ್ಯಾಗ ಯಾವತ್ತೂ ನಾ ಮುಂದ ಇರತಿದ್ದೆ."

ಅತ್ತಳು, ಮೂಗು ಒರಸ್ಕೊಂಡಳು, ಚಹಾ ಕುಡದಳು. ಆಮ್ಯಾಲೆ ಕೇಳಿದಳು, "ಏನ್ ಹುಡಕತಾರ ಇವರು?"

"ಅಜ್ಜಿ ಫೋಟೋ, ನಾನಿ," ಅಂದಳು ಶೀತಲ. "ಒಂದೂ ಇಲ್ಲ. ಅಜ್ಜಿಗೆ ಫೋಟೋ ಅಂದ್ರೆ ಡರ್, ಹೆದರಿಕೆ."

"ಡರ್? ಹಾಲಿಗಿ?" ಮುದುಕಿ ಚಹಾದ ಕಪ್ಪು ನೆಲಕ್ಕ ಇಟ್ಟಳು. "ಯಾರ ಅಂದ್ರು? ಮಾಟುಂಗಾದ ಸ್ಟುಡಿಯೋಕ್ಕ ಗಂಡನ್ನ ಎಳಕೊಂಡು ಹೋದಾಕಿ ಆಕಿನ. ನನ್ನ ಝುಮಕಿ ಇಸಕೊಂಡು ಕಿವ್ಯಾಗ ಹಾಕ್ಕೊಂಡಿದ್ದಳು. ಆ ಫೋಟೋ ಸೈಟಿಗೆ ತಂದು ಮುಕಾದಮನಿಂದ ಹಿಡದು ಎಲ್ಲಾರಿಗೂ ತೋರಿಸಿದಳು. ಎಲ್ಲೈತಿ ಅದು? ನನ್ನ ಝುಮಕಿ ಐತಿ ಅದರಾಗ."

ಮುದುಕಿ ಕಣ್ಣು ಸಣ್ಣ ಮಾಡಿ ಗ್ವಾಡಿ ನೋಡಿದಳು. ಕೋಲು ಊರಿ ಎದ್ದು, ಸಾಲಿನ್ಯಾಗ ಎರಡನೇ ಫೋಟೋ, ಧರ್ಮಣ್ಣಂದು, ಅದರ ಮುಂದ ಬಂದು ನಿಂತಳು.

"ಇದ ಅಲ್ಲೇನು? ಇದ ಕೋಟು. ಇದ ಕುರ್ಚಿ." ಕೋಲು ಎತ್ತಿ ಫೋಟೋಕ್ಕ ಮುಟ್ಟಿಸಿದಳು. "ಹಾಲಿ ಇಲ್ಲೆ ನಿಂತಿದ್ದಳು. ಈ ಹೂವಿನ ಕುಂಡ ಎಲ್ಲಿಂದ ಬಂತು?"

ಶೀತಲ ಎದ್ದು ಹತ್ತಿರ ಹೋದಳು. ಇಪ್ಪತ್ತೆಂಟು ವರ್ಷ ದಿನಾ ನೋಡಿದ ಫೋಟೋ. ಅಜ್ಜನ ಎಡಗಡೆ ಹೆಗಲ ಮ್ಯಾಲೆ ಏನೋ ಬೆಳ್ಳಗ ಇತ್ತು. ಶಲ್ಯದ ಕುಚ್ಚು ಅಂತ ಪಪ್ಪಾ ಹೇಳಿದ್ದ. ಕುಚ್ಚಲ್ಲ ಅದು. ನಾಕು ಬೆರಳು.

"ಪಪ್ಪಾ, ಯೇ ಕಿಸಕಾ ಹಾಥ್ ಹೈ? ಯಾರ ಕೈ?"

* * *

ಎಂಬತ್ತೊಂಬತ್ತನೇ ಇಸ್ವಿ. ಸಯನ್ನಿಂದ ನಾಗರತ್ನಾನ ಮನಿಯವರು ವರಾ ನೋಡಾಕ ಬರೂರಿದ್ರು. ಅಪ್ಪಾ ತೀರಿ ನಾಕು ವರ್ಷ ಆಗಿತ್ತು. ಮೇಸ್ತ್ರಿ ಆಗಿದ್ದ ಅಪ್ಪನ್ನ ಶಿವಪುತ್ರಪ್ಪ ಅವರ ಮುಂದ 'ಕಾಂಟ್ರ್ಯಾಕ್ಟರ್' ಅಂದಿದ್ದ. ಕೋಟಿನ್ಯಾಗ ಧರ್ಮಣ್ಣ ಹಂಗ ಕಾಣತಿದ್ದ, ಸುಳ್ಳಲ್ಲ. ಅದನ್ನ ಕೆಡಸತಿದ್ದಾಕಿ ಫೋಟೋದಾಗ ಅವನ ಬಾಜೂಕ ನಿಂತ ಅವ್ವ. ಹಣಿ ತುಂಬ ಚುಚ್ಚಿಸಿದ ಹಸರು ಹಚ್ಚಿ, ಬರಿಗಾಲು, ಎಷ್ಟು ತಿಕ್ಕಿದ್ರೂ ಹೋಗದ ಸುಣ್ಣ ಹಿಮ್ಮಡದ ಸೀಳಿನ್ಯಾಗ. ಆ ಕಾಲು ನೋಡಿದ್ರ ಕೂಲಿಯಾಕಿ ಅಂತ ಯಾರಿಗಾದ್ರೂ ತಿಳೀತಿತ್ತು.

ಸ್ಟುಡಿಯೋದಾಂವ ಆಕಿನ್ನ ತಗದು ಕುಂಡ ಬರದ. ಕೈ ಮಾತ್ರ ಬಿಟ್ಟ. "ಅದನ್ನ ಅಳಿಸಿದ್ರ ಕೋಟು ಕೆಡತದ ಸಾಹೇಬ್ರ," ಅಂದ. ಕತ್ತರಿಸಿದ ತುಂಡು ಲಕೋಟಿಗೆ ಹಾಕಿ ಕೊಟ್ಟ. ಶಿವಪುತ್ರಪ್ಪ ಅದನ್ನ ಮಾಟುಂಗಾ ಸ್ಟೇಷನ್ನಿನ ಕಸದ ಡಬ್ಬಿಗೆ ಹಾಕಿದ. ಹಾಕೂ ಮುಂದ ಅತ್ತಿತ್ತ ನೋಡಿದ್ದ.

ಮನಿಗೆ ತಂದು ಗ್ವಾಡಿಗೆ ತೂಗ ಹಾಕಿದಾಗ ಹಾಲವ್ವ ಒಲಿ ಮುಂದಿಂದ ಎದ್ದು ಬಂದಳು. ಬಾಳೊತ್ತು ನೋಡಿದಳು.

"ಚೊಲೋ ಮಾಡಿಸಿದಿ," ಅಂದಳು. "ಅವ ಒಬ್ಬನ ಛಂದ ಕಾಣತಾನ."

ಮದವಿ ಫೋಟೋ ಹೊತ್ತಿನ್ಯಾಗ ಯಾರೂ ಆಕಿಗೆ ಬ್ಯಾಡ ಅನಲಿಲ್ಲ. ತಾನ ಅಡಗಿ ಪಾತ್ರಿ ತಿಕ್ಕಾಕ ಕುಂತಳು. ಮೂವತ್ತೈದು ವರ್ಷ ಹಂಗ ನಡೀತು. 'ಬಾಜೂಕ ಸರಿ' ಅಂತ ಮಗಗ ಹೇಳೂ ಕೆಲಸ ಉಳೀಲಿಲ್ಲ. ಆ ಫೋಟೋದ ಧೂಳಾ ಮಾತ್ರ ದಿನಾ ಆಕಿನ ಒರಸತಿದ್ದಳು.

* * *

"ನಿಮ್ಮ ಅಜ್ಜಿದು," ಅಂದ ಶಿವಪುತ್ರಪ್ಪ. "ನಾನ ಕತ್ತರಿಸಿದೆ."

ನಾಗರತ್ನಾ ಗಂಡನ್ನ ನೋಡಿದಳು. "ಶಲ್ಯಾ ಅಂತ ನಮ್ಮಪ್ಪಗ ಹೇಳಿದ್ರಿ," ಅಂದಳು. ಅಷ್ಟ. ಹಣಮಂತ, ಬಾಯಿ ಮುಚ್ಚಿ ಗೊತ್ತಿಲ್ಲದ ಹಣಮಂತ, ಆಧಾರ್ ಕಾರ್ಡು ಕಿಸೆದಾಗ ಇಟ್ಕೊಂಡು ಕೆಳಗ ನೋಡಿದ.

"ಮತ್ತ ಆ ಡರ್?" ಶೀತಲ ಕೇಳಿದಳು. "ಉಮರ್ ಕಮ್ಮಿ?"

"ಅದೂ ನಾನ ಹೇಳಿದ್ದು. ನೀ ಕೇಳಿದಿ. ಏನರೆ ಹೇಳಬೇಕಿತ್ತು."

"ನಾನು ನಗ್ತಿದ್ದೆ ಪಪ್ಪಾ. ಅಜ್ಜಿ ಮೋರೀ ಮುಚ್ಚಿದಾಗೆಲ್ಲಾ ನಾನು ನಗ್ತಿದ್ದೆ. ಆಫೀಸಲ್ಲಿ ಎಲ್ಲರಿಗೂ ಜೋಕ್ ಅಂತ ತೋರಿಸ್ದೆ."

ಶಿವಪುತ್ರಪ್ಪ ಗ್ವಾಡಿ ಕಡೆ ನಡದ. ಫೋಟೋ ತಗೀಬೇಕಂತ ಕೈ ಎತ್ತಿದ. ಎತ್ತಿದ ಕೈ ಕೆಳಗ ಅವ್ವನ ನೆತ್ತಿ ಇತ್ತು. ಕೈ ಅರ್ಧಾಕ್ಕ ನಿಂತಿತು.

"ಮುಟ್ಟಬ್ಯಾಡ," ಅಂದಳು ಜೇಬುನ್ನೀಸಾ. "ಅಷ್ಟರೆ ಉಳದೈತಿ, ಇರಲಿ."

"ಖಾಲಾ, ನಾ..."

"ನನಗ ಏನ್ ಹೇಳತಿ? ಹೇಳೂದು ಇದ್ದಾಗ ಆಕಿಗೆ ಹೇಳಬೇಕಿತ್ತು. ಈಗ ಆಕಿಗೆ ಕಿವಿ ಇಲ್ಲ."

ಬಾಗಲದಾಗ ಮಣ್ಣಿನ ಕ್ರಿಯಾ ಮಾಡಸಾಕ ಬಂದ ಜಂಗಮಯ್ಯನವರು ಕೆಮ್ಮಿದ್ರು. ಗಾಡಿ ಬಂದಿತ್ತು. ಎತ್ತೂ ಮೊದಲ ಮನಿಮಂದಿ ಎಲ್ಲಾ ಹೆಣದ ಸುತ್ತ ಕುಂತು ಒಂದು ಫೋಟೋ ತಗಸೂದು ಅವರ ಊರ ಕಡಿಯವರ ರೂಢಿ. "ಲಗೂ ಮುಗಸ್ರಿ," ಅಂದ್ರು ಜಂಗಮಯ್ಯನವರು. ನಾಗರತ್ನಾ ಒಂದು ಬಾಜೂಕ ಕುಂತಳು, ಶೀತಲ ಇನ್ನೊಂದು ಬಾಜೂಕ. ಹಣಮಂತ ಫೋನಿಗೆ ಕೈ ಚಾಚಿದ.

"ನೀ ಅಲ್ಲ," ಅಂದಳು ಜೇಬುನ್ನೀಸಾ. "ಅಂವಾ ತಗೀಲಿ. ಆಕಿ ಮಾರಿ ನೋಡಿ ತಗೀಲಿ."

ಶೀತಲ ಫೋನ್ ಅಪ್ಪನ ಕೈಗೆ ಕೊಟ್ಟಳು. ಕೊಡುವಾಗ ಅವನ ಕಡೆ ನೋಡಲಿಲ್ಲ. ತಿರುಗಿ ಬಂದು ಅಜ್ಜಿ ತಲಿ ಮ್ಯಾಲಿನ ಸೆರಗು ಎರಡೂ ಕೈಲೆ ಹಿಂದ ಸರಿಸಿದಳು. ಹಣಿ, ಹಚ್ಚಿ, ಗಲ್ಲಾ, ಎಲ್ಲಾ ಬೆಳಕಿಗೆ ಬಂತು. ಹಾಲವ್ವ ತಡೀಲಿಲ್ಲ.

ಶಿವಪುತ್ರಪ್ಪ ಫೋನ್ ಎತ್ತಿದ. ಗಾಜಿನ್ಯಾಗ ಅವ್ವನ ಮಾರಿ ತುಂಬ್ಕೊಂಡಿತು. ಒತ್ತಿದ.

ಫೋನು ಒಂದು ಕ್ಷಣ ತಡದು ಗಾಜಿನ ಮ್ಯಾಲೆ ಬರದು ತೋರಿಸಿತು. ಯಾರೋ ಕಣ್ಣು ಮುಚ್ಯಾರ, ಇನ್ನೊಮ್ಮೆ ತಗೀಲೇನು ಅಂತ.

"ಬಂತೇನೋ?" ಹಣಮಂತ ಕೇಳಿದ.

ಶಿವಪುತ್ರಪ್ಪ 'ಹೌದು' ಒತ್ತಿದ. ಮತ್ತ ತಗದ. ಫೋನು ಮತ್ತ ಅದನ್ನ ಕೇಳಿತು. ಮತ್ತ ಹೌದು ಒತ್ತಿದ. ಬಾಗಲದಾಗ ಹೆಣಾ ಹೊರೂ ಮಂದಿ ಹೆಗಲಿಗೆ ಅರಿವಿ ಹಾಕ್ಕೊಂಡು ನಿಂತಿದ್ರು. "ಪಪ್ಪಾ, ಬಸ್," ಅಂದಳು ಶೀತಲ. ಅಂವಾ ಕೇಳಿಸ್ಕೊಳ್ಳಲಿಲ್ಲ. ಒಂದು ಹೆಜ್ಜಿ ಮುಂದ ಬಂದು, ಅವ್ವನ ಮಾರಿಗೆ ಫೋನ್ ಇನ್ನಷ್ಟು ಸನೇಕ ಹಿಡದು, ಮತ್ತೊಮ್ಮೆ ಒತ್ತಿದ.