ಹೆಸರಿಗೆ ಓ ಅಂದವನು

ಇಳಕಲ್ಲಿನ ಶಿವಲಿಂಗವ್ವ ಗಂಡನ ಹೆಸರನ್ನು ಜನ್ಮದಲ್ಲಿ ಒಂದೇ ಸಲ ಹೇಳಿದ್ದಳು. ಅದೂ ಮದುವೆಯ ದಿನ, ಹೆಂಗಸರು ಹೊಸಿಲಲ್ಲಿ ಅಡ್ಡಗಟ್ಟಿ, ಪ್ರಾಸ ಹೊಂದಿಸಿ ಒಡಪು ಹೇಳಿಸಿದಾಗ. ಆಮೇಲೆ ಏನೇ ಬೇಕಾದರೂ 'ಕೇಳಿದ್ರೇನ್ರಿ' ಅನ್ನುವಳು, ಅವನು ಬರುವನು. ಸೀರೆಯಂಗಡಿಯ ಬೋರ್ಡಿನ ಮೇಲೆ ಅವನ ಹೆಸರೇ ಇದ್ದರೂ ಅವಳ ಬಾಯಲ್ಲಿ ಅದು 'ನಮ್ಮ ಅಂಗಡಿ'. ಅವನು ತೀರಿಕೊಂಡ ಮೇಲೆ ಅಂಗಡಿ ಅವಳ ಹೆಗಲಿಗೆ ಬಂತು. ರೂಢಿ ಮಾತ್ರ ಬದಲಾಗಲಿಲ್ಲ.

ಮಗಳು ಶ್ರುತಿ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿ, ಅಂಗಡಿಗೊಂದು ವೆಬ್‌ಸೈಟ್ ತೆರೆದಳು. 2009ರಲ್ಲಿ ಪುಣೆಯ ಗಿರಾಕಿಯೊಬ್ಬಳು ಇವರದೇ ಎಂದು ನೆಟ್ಟಿನಲ್ಲಿ ಕೊಂಡ ಸೀರೆ ವಾಪಸು ಕಳಿಸಿ ಬೈದಳು. ಇಳಕಲ್ ಸೀರೆಯ ಗುರುತಾದ, ಒಡಲಿಗೆ ಸೆರಗು ಜೋಡಿಸುವ ಕೊಂಡಿಯೇ ಅದರಲ್ಲಿರಲಿಲ್ಲ. ಇವರ ಮಾಲೇ ಅಲ್ಲ. ಶ್ರುತಿ ನೆಟ್ಟಿನಲ್ಲಿ ಅಪ್ಪನ ಹೆಸರು ಹಾಕಿ ಹುಡುಕಿದರೆ, ಎಲ್ಲಕ್ಕಿಂತ ಮೇಲೆ ಚಂದಪ್ಪನ ಅಂಗಡಿಯ ಜಾಹೀರಾತು ಬಂತು. ಆ ಹೆಸರನ್ನು ಯಾರು ಹುಡುಕಿದರೂ ಮೊದಲು ತನ್ನ ಅಂಗಡಿ ಕಾಣಲಿ ಎಂದು ಅವನು ದುಡ್ಡು ಕಟ್ಟಿದ್ದ. ಹಿಂದೆ ಇವರಲ್ಲೇ ಕೆಲಸಕ್ಕಿದ್ದವನು. ಉಂಡ ಮನೆಯ ಗಳ ಎಣಿಸುವುದು ಅಂದರೆ ಇದೇ.

ಕೇಸು ಬಾಗಲಕೋಟೆಯ ಕೋರ್ಟಿಗೆ ಹೋಯಿತು. ಗಂಡನದೆಂದು ಶಿವಲಿಂಗವ್ವನಿಗೆ ಉಳಿದದ್ದು ಆ ಹೆಸರೊಂದೇ. ಅದೂ ಚಂದಪ್ಪನ ಪಾಲಾಗುತ್ತದೆಂದು ಅವಳಿಗೆ ಊಟ ಸೇರುತ್ತಿರಲಿಲ್ಲ. ಆದರೂ ಕಟಕಟೆಯಲ್ಲಿ ಅಂಗಡಿಯ ಹೆಸರೇನೆಂದು ಕೇಳಿದರೆ ಬೋರ್ಡಿನ ಫೋಟೋ ತೋರಿಸಿ ಸುಮ್ಮನೆ ನಿಂತಳು. ಚಂದಪ್ಪನ ವಕೀಲರಿಗೆ ಅಷ್ಟೇ ಸಾಕಾಯಿತು. ತಮ್ಮ ಕಕ್ಷಿದಾರನ ಜಾಹೀರಾತಿನಲ್ಲಿ ಆ ಹೆಸರು ಎಲ್ಲೂ ಇಲ್ಲ, ಹೇಳದ ಹೆಸರನ್ನು ಬಳಸಿದಂತಾಗುವುದು ಹೇಗೆ ಎಂದರು. ಒಡತಿಯೇ ಹೇಳುವುದಿಲ್ಲವಲ್ಲ ಎಂದು ನಕ್ಕರು ಕೂಡ.

ಶಿವಲಿಂಗವ್ವನಿಗೆ ಸಿಟ್ಟು ಬಂತು.

"ಸಾಹೇಬ್ರ, ಹೆಸರ ಹೇಳದ ಕರಿಯೂದು ಏನಂತ ನನಗ ಗೊತ್ತೈತ್ರಿ. ನಾ ಹೆಸರ ಹೇಳದ ಕರದ್ರೂ ನಮ್ಮ ಮನಿಯವರ ಬರ್ತಿದ್ರು, ಬ್ಯಾರೆಯವರು ಬರ್ತಿರಲಿಲ್ಲ. ಈಗ ಮಂದಿ ಅವರ ಹೆಸರ ಹಿಡದ ಕರದ್ರೂ ಚಂದಪ್ಪ ಓ ಅಂತಾನ್ರಿ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ತೀರ್ಪು ಬರುವವರೆಗೆ ಜಾಹೀರಾತು ನಿಲ್ಲಿಸಲು ಹೇಳಿದರು. ಆದರೆ ದಾಖಲೆಗೆ ಹೆಸರು ಅವಳ ಬಾಯಿಂದಲೇ ಬರಬೇಕು ಎಂದರು.

ಅವಳು ಒಡಪು ನೆನಪಿಸಿಕೊಳ್ಳಲು ನೋಡಿದಳು. ಮದುವೆಯ ದಿನದ್ದೂ ಮರೆತುಹೋಗಿತ್ತು. ಕೊನೆಗೆ ಸೆರಗು ಸರಿಮಾಡಿಕೊಂಡು ಬರೀ ಹೆಸರನ್ನೇ ಹೇಳಿದಳು.

"ನಿಂಗಣ್ಣ."

ಕರೆದ ಮೇಲೆ ಬಾಗಿಲ ಕಡೆ ನೋಡುವುದು ಅವಳ ರೂಢಿ. ಈಗಲೂ ನೋಡಿದಳು. ಚಂದಪ್ಪ ತಲೆ ತಗ್ಗಿಸಿ ಕುಳಿತಿದ್ದ. ಯಾರೂ ಓ ಅನ್ನಲಿಲ್ಲ. ಅಷ್ಟರಮಟ್ಟಿಗೆ ಗೆದ್ದ ಸಂತೋಷ ಬರುವ ಮೊದಲೇ ಅವಳಿಗೆ ಅಳು ಬಂತು.