ಒಂಬತ್ತನೇ ಕಂತಿನಲ್ಲಿ ಸಾಯುವವರು ಯಾರು

ಬಾಳಕೃಷ್ಣ ಸಾಯಬಾರದೆಂದು ಅವನ ತಾಯಿ ಹಟ ಹಿಡಿದದ್ದರಿಂದ ನಾನು ಸಾಯಬೇಕೆಂದು ನಿಶ್ಚಯವಾಯಿತು. ನಾಟಕದಲ್ಲಿ ಮಾತ್ರ, ಖರೆ. ಆದರೂ ಈಗ ನೆನೆದರೂ ನನ್ನ ಮೈ ಉರಿಯುತ್ತದೆ. ಆ ಉರಿ ಆರಲಿ ಎಂಬ ಆಸೆಯೂ ನನಗಿಲ್ಲ.

ಮನುಷ್ಯ ಚಂದ್ರನ ಮೇಲೆ ಇಳಿದು ನಾಲ್ಕೈದು ವರ್ಷವಾಗಿತ್ತು. ದೇವಿಕೊಪ್ಪದ ಆಚೆಗಿನ ನಮ್ಮ ಹಳ್ಳಿಯ ಸಾಲೆಗೆ ಧಾರವಾಡದಿಂದ ಪ್ರಭಂಜನ ಮಾಸ್ತರರು ವಿಜ್ಞಾನ ಕಲಿಸಲು ಬಂದರು. ಇನ್ನೂ ಮೀಸೆ ಸರಿಯಾಗಿ ಬಲಿಯದ ಮಾಸ್ತರರು. ಗ್ರಹಗಳ ಪಾಠ ಹುಡುಗರ ತಲೆಗೆ ಹತ್ತುವುದಿಲ್ಲವೆಂದು ಅವರು ಮಂಗಳಗ್ರಹಕ್ಕೆ ಹೋಗುವ ಮೂವರು ಹುಡುಗರ ನಾಟಕ ಬರೆದರು. ಒಟ್ಟು ಹತ್ತು ಕಂತು. ಶನಿವಾರ ಮುಂಜಾನೆಯ ಸಾಲೆ ಬಿಟ್ಟ ಮೇಲೆ ಸಾಲೆಯ ಕಟ್ಟೆಯ ಮೇಲೆ ವಾರಕ್ಕೊಂದು ಕಂತು ಆಡುತ್ತಿದ್ದೆವು. ಮೊದಮೊದಲು ಹುಡುಗರಷ್ಟೇ ನೋಡುತ್ತಿದ್ದರು. ಬರಬರುತ್ತ ಪಕ್ಕದೂರು ತಂಬೂರದಿಂದ ಚಕ್ಕಡಿ ಕಟ್ಟಿಕೊಂಡು ಜನ ಬರತೊಡಗಿದರು. ಮುಂದಿನ ವಾರ ಏನಾಗುತ್ತದೆ ಹೇಳೆಂದು ಹೆಂಗಸರು ಕೆರೆಯ ದಂಡೆಯಲ್ಲಿ ನನ್ನ ಕೊಡ ಹಿಡಿದು ನಿಲ್ಲಿಸುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಅಷ್ಟು ಸೊಕ್ಕು ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಮಂಗಳಕ್ಕೆ ಹಾರುವ ಹಡಗಿನಲ್ಲಿ ನಾವು ಮೂವರು. ಕಪ್ತಾನ ಬಾಳಕೃಷ್ಣ, ಸಾಲೆಯ ಕಮಿಟಿಗೆ ಚೇರಮನ್ನರಾದ ಕೃಷ್ಣಾಜಿಯವರ ಒಬ್ಬನೇ ಮಗ. ಡಾಕ್ಟರ್ ಲೀಲಾಬಾಯಿ, ಹೆಡ್‌ಮಾಸ್ತರರ ಮಗಳು. ಎಂಜಿನ್ ನಡೆಸುವವಳು ನಾನು, ರಹೀಮಾಬಿ, ಪಾತ್ರೆಗಳಿಗೆ ಕಲಾಯಿ ಹಾಕುವ ದಾವೂದಸಾಬನ ಮಗಳು. ಎಣ್ಣೆಡಬ್ಬಿಯ ತಗಡು ಕತ್ತರಿಸಿ ಮೂವರಿಗೂ ಟೊಪ್ಪಿಗೆ ಮಾಡಿಕೊಟ್ಟವರು ನಮ್ಮ ಅಬ್ಬಾ.

ಒಂಬತ್ತನೆಯ ಕಂತಿನಲ್ಲಿ ಹಡಗಿನ ಗಾಳಿ ಕಡಿಮೆ ಬೀಳುತ್ತದೆ. ಮೂವರಿಗೆ ಸಾಲುವುದಿಲ್ಲ, ಇಬ್ಬರಿಗೆ ಸಾಲುತ್ತದೆ. ಕಪ್ತಾನ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಪ್ರಾಣ ಬಿಡಬೇಕು. ಹತ್ತನೆಯ ಕಂತಿನಲ್ಲಿ ಎಂಜಿನ್ನಿನವಳು, ಅಂದರೆ ನಾನು, ಮಂಗಳಗ್ರಹದ ಮೇಲೆ ಮೊದಲು ಕಾಲಿಡಬೇಕು. ಮಾಸ್ತರರು ಬರೆದದ್ದು ಹಾಗೆ. ಅದೊಂದು ಕಾಲಿಡುವುದಕ್ಕಾಗಿ ನಾನು ಎಂಟು ಕಂತು ಬೆಂಚಿನ ಮೇಲೆ ಕೂತು ಕಟ್ಟಿಗೆಯ ಹಿಡಿಕೆ ತಿರುವಿದ್ದೆ. ಬೇಸಿಗೆ ಸೂಟಿ ಬಂದರೆ ನನ್ನ ಸಾಲೆ ಮುಗಿಯಿತೆಂದು ಮನೆಯಲ್ಲಿ ಗೊತ್ತು ಮಾಡಿದ್ದರು. ಊರ ಮುಂದೆ ನಾನೊಬ್ಬಳೇ ನಿಲ್ಲುವ ಸಂದರ್ಭ ಮತ್ತೆ ಬರುವಂತಿರಲಿಲ್ಲ.

ಒಂಬತ್ತನೆಯ ಕಂತಿನ ವಾರ, ಮಂಗಳವಾರ ಬಾಳಕೃಷ್ಣನ ತಾಯಿ ಮುಕ್ತಾಬಾಯಿಯವರು ಮಾಸ್ತರರನ್ನು ಚಹಾಕ್ಕೆ ಕರೆಸಿದರು. ಹೋಗುವಾಗ ಒಂದು ನಾಟಕವಿತ್ತು, ಬರುವಾಗ ಬೇರೆ ನಾಟಕವಾಗಿತ್ತು.

"ರಹೀಮಾ, ಹಿಂದಿನ ಬಾಗಲದಿಂದ ನೀ ಹೋಗು" ಎಂದರು ಮಾಸ್ತರರು. "ಬಾಯಾರು ಭಾಳ ಮನಸಿಗೆ ಹಚ್ಚಿಕೊಂಡಾರ. ಇರಾಂವ ಒಬ್ಬ ಮಗ, ಸುಳ್ಳ ಸುಳ್ಳನೂ ಸಾಯಬಾರದಂತ."

"ಮಂಗಳದ ಮ್ಯಾಲೆ ಯಾರ ಇಳೀತಾರ್ರಿ ಸರ?"

"ಬಾಳಕೃಷ್ಣ ಇಳೀತಾನ."

ಸಾವು ನನಗೆ, ಮಂಗಳ ಅವನಿಗೆ. ಇದನ್ನು ತಿಳಿಯಲು ಬೀಜಗಣಿತ ಬೇಕಿರಲಿಲ್ಲ. ಲೀಲಾಬಾಯಿ ಯಾಕೆ ಹೋಗಬಾರದು ಎಂದು ಕೇಳುವ ಮೊದಲೇ ಅವಳು ನೆಲ ನೋಡುತ್ತ ನಿಂತಿದ್ದಳು. ಹೆಡ್‌ಮಾಸ್ತರರ ಮಗಳನ್ನು ಯಾವ ಮಾಸ್ತರ ಸಾಯಿಸುತ್ತಾನೆ?

"ಅವರದು ಮೂಢನಂಬಿಕಿ" ಎಂದು ಮಾಸ್ತರರು ಬೆಣ್ಣೆಯಲ್ಲಿಯ ಕೂದಲು ತೆಗೆದ ಹಾಗೆ ಮಾತಾಡಿದರು. "ನೀ ಶಾಣ್ಯಾ ಹುಡುಗಿ. ವಿಜ್ಞಾನ ಓದಿದಾಕಿ. ನಿನಗೇನೂ ಅನಸೂದಿಲ್ಲಂತ ನನಗ ಗೊತ್ತದ."

ಶಾಣ್ಯಾತನಕ್ಕೆ ಇನಾಮು ಸಾವು! ಬಾಳಕೃಷ್ಣನಿಗೂ ಇದು ಬೇಡವಾಗಿತ್ತು. ಸಾಯುವ ಪಾತ್ರ ಯಾವ ನಟನಿಗೆ ಬೇಡ? ಉಸಿರು ಕಟ್ಟಿ ಉರುಳಿ ಬೀಳುವುದನ್ನು ಅವನು ಎಂಟು ದಿನ ಹೊಲದಲ್ಲಿ ಅಭ್ಯಾಸ ಮಾಡಿದ್ದ.

ಮನೆಯಲ್ಲಿ ಹೇಳಿದೆ. ಅಬ್ಬಾ ಕಲಾಯಿಯ ತಿದಿ ಒತ್ತುತ್ತಲೇ, "ಹೋಗ್ಲಿ ಬಿಡ ಬೇಟಿ. ಬಡವನ ಸಿಟ್ಟು ದವಡಿಗೆ ಮೂಲ" ಎಂದರು. ಆ ಮಾತಿಗೆ ನನಗೆ ಅವರ ಮೇಲೂ ಸಿಟ್ಟು ಬಂತು. ಅಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳನ್ನು ಅವಳು ಮಣ್ಣಿಗೆ ಕೊಟ್ಟಿದ್ದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಬಂದಾಗ ಅದನ್ನು ತೆಗೆದು ಬದಿಗಿಟ್ಟಳು.

"ಆ ಬಾಯಾರ ಮಗ ಸತ್ರ ಅಪಶಕುನ" ಎಂದಳು ಆಮೇಲೆ. "ನನ್ನ ಮಗಳು ಸತ್ರ ಶಕುನೇನು?"

ಶನಿವಾರ ಕಟ್ಟೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಕೃಷ್ಣಾಜಿ, ಮುಕ್ತಾಬಾಯಿ ಖುರ್ಚಿಗಳ ಮೇಲೆ ಕೂತಿದ್ದರು. ಎಂಟು ಕಂತುಗಳಲ್ಲಿ ಒಂದಕ್ಕೂ ಬಾರದ ಅಮ್ಮ ಅಂದು ಹೆಂಗಸರ ಹಿಂದೆ ಗೋಡೆಗೆ ಆತು ನಿಂತಿದ್ದಳು. ನಾಟಕ ಶುರುವಾಯಿತು. ಗಾಳಿ ಕಡಿಮೆ ಬಿತ್ತು. ಲೀಲಾಬಾಯಿ ಮೂವರಲ್ಲಿ ಒಬ್ಬರು ಹೋಗಲೇಬೇಕೆಂದು ಅಳುತ್ತ ಹೇಳಿದಳು. ನಾನು ಎದ್ದು ಹಿಂದಿನ ಬಾಗಿಲಿಗೆ ಹೋಗಬೇಕು. ನಾನು ಏಳಲಿಲ್ಲ.

"ಹೋಗು" ಎಂದರು ಮಾಸ್ತರರು ಪರದೆಯ ಹಿಂದಿನಿಂದ.

"ನಾ ಹೋಗೂದಿಲ್ಲ" ಎಂದೆ. ಪಿಸುಗುಟ್ಟಲಿಲ್ಲ. ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿದೆ.

ಜನ ಇದೂ ನಾಟಕವೇ ಎಂದುಕೊಂಡು ಚಪ್ಪಾಳೆ ಹೊಡೆದರು. ಬಾಳಕೃಷ್ಣ ಅದನ್ನೇ ಕಾಯುತ್ತಿದ್ದವನಂತೆ ಎದ್ದ. "ಕಪ್ತಾನ ನಾನು. ನಾ ಹೋಗ್ತೀನಿ" ಎಂದು ಎರಡು ಹೆಜ್ಜೆ ಇಟ್ಟ. ಮುಕ್ತಾಬಾಯಿಯವರ ಖುರ್ಚಿ ಹಿಂದಕ್ಕೆ ಉರುಳಿತು.

"ಬಾಳ್ಯಾ! ಆ ಬಾಗಲಾ ದಾಟಿದ್ರ ನನ್ನ ಆಣಿ ಅದ ನೋಡು!"

ಆಣೆ ಬಿದ್ದ ಮೇಲೆ ಅವನು ಗೂಟದಂತೆ ನಿಂತ. ಲೀಲಾಬಾಯಿ ಖರೇನೇ ಅಳತೊಡಗಿದಳು. ಮಾಸ್ತರರು ಪರದೆ ಸರಿಸಿ ಹೊರಬಂದು ಕೈಮುಗಿದು, "ಯಾರೂ ಹೋಗೂದು ಬ್ಯಾಡ್ರಿ. ಗಾಳಿ ಮೂವರಿಗೂ ಸಾಕಾತು" ಎಂದರು.

ಈಗ ಜನ ಕೆರಳಿದರು. "ಈಗರೆ ಸಾಲೂದಿಲ್ಲ ಅಂದ್ರಿ?" ಎಂದು ಮುದುಕ ಬುಡನಸಾಬ ಎದ್ದು ನಿಂತ. "ಅಷ್ಟರಾಗ ಗಾಳಿ ಎಲ್ಲಿಂದ ತಂದ್ರಿ ಮಾಸ್ತರ? ಕಲಘಟಗಿ ಸಂತ್ಯಾಗ ಕೊಂಡ್ರೇನು?"

"ಒಬ್ಬರರೆ ಸಾಯಬೇಕ್ರಿ!" ಎಂದು ತಂಬೂರದವರು ಕೂಗಿದರು. "ಚಕ್ಕಡಿ ಹೂಡಿ ಬಂದೀವಿ!"

ಒಬ್ಬರು ಸಾಯಬೇಕೆಂಬುದಕ್ಕೆ ಊರಿಗೆ ಊರೇ ಒಪ್ಪಿತ್ತು. ತಮ್ಮ ಮನೆಯದಾಗಿರಬಾರದು, ಅಷ್ಟೇ. ಆ ಗದ್ದಲದಲ್ಲಿ ಕೃಷ್ಣಾಜಿಯವರು ನನ್ನ ಕಡೆ ಬೆರಳು ಮಾಡಿ, "ಏ ಹುಡುಗಿ, ಹಟಾ ಸಾಕು. ಹೋಗಿ ಬಾಗಲದ ಹಿಂದ ನಿಂದ್ರು. ನಿನಗೊಂದ ಸೀರಿ ಆಯೇರಿ ಮಾಡ್ತೀನಿ" ಎಂದರು. ಸತ್ತವಳಿಗೆ ಉಡುಗೊರೆ! ಅಂಗಾಲಿನಿಂದ ನೆತ್ತಿಯವರೆಗೆ ನನಗೆ ಉರಿ ಹತ್ತಿತು. ನಾನು ಬಾಯಿ ತೆರೆಯುವ ಮೊದಲೇ ಗೋಡೆಯ ಕಡೆಯಿಂದ ದನಿ ಬಂತು.

"ಮಾಸ್ತರ, ನೀವ ಹೋಗ್ರಿ."

ಅಮ್ಮ. ಸೆರಗು ತಲೆಯ ಮೇಲಿತ್ತು, ಮುಖ ಮಾತ್ರ ನೆಟ್ಟಗೆ ಎತ್ತಿದ್ದಳು. ಊರ ಗಂಡಸರ ಮುಂದೆ ಅವಳು ದನಿ ತೆಗೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹಡಗ ನಿಮ್ಮದು, ಗಾಳಿ ಕಡಿಮಿ ಮಾಡಿದವರೂ ನೀವು. ಇದರಾಗ ಏನೂ ಇಲ್ಲಂತ ನನ್ನ ಮಗಳಿಗೆ ಹೇಳೀರಂತ. ಏನೂ ಇಲ್ಲಂದ್ರ ನೀವ ಸಾಯ್ರೆಲಾ. ಹುಡುಗರು ಉಳಕೋತಾವು."

"ಖರೆ ಐತಿ ನೋಡು!" ಎಂದು ಬುಡನಸಾಬ ತೊಡೆ ತಟ್ಟಿದ. "ಹೋಗ್ರಿ ಮಾಸ್ತರ!"

ಎಲ್ಲರೂ ಮಾಸ್ತರರನ್ನು ನೋಡಿದರು. ನಾನೂ ನೋಡಿದೆ. ಇಷ್ಟಾದರೂ ನನಗೆ ಅವರ ಮೇಲೆ ಒಂದು ನಂಬಿಕೆ ಉಳಿದಿತ್ತು. ನಕ್ಕು, ಧೋತರ ಎತ್ತಿ ಕಟ್ಟಿ, ನಾಲ್ಕು ಹೆಜ್ಜೆ ನಡೆದು ಬಾಗಿಲು ದಾಟುತ್ತಾರೆ ಅಂದುಕೊಂಡೆ. ನಕ್ಷತ್ರಗಳ ದೂರ ಕಲಿಸಿದ ಮನುಷ್ಯನಿಗೆ ಒಂದು ಹೊಸ್ತಿಲು ಎಷ್ಟರದು?

ಮಾಸ್ತರರು ಬಾಗಿಲು ನೋಡಿದರು, ನೆಲ ನೋಡಿದರು. ಕೊರಳಪಟ್ಟಿ ಸಡಿಲು ಮಾಡಿಕೊಂಡರು.

"ಹಂಗಲ್ರಿ" ಎಂದರು. "ವೈಶಾಖದಾಗ ನಂದು ಲಗ್ನ ಅದ. ನಿಶ್ಚಯ ಆಗಿ ಇನ್ನೂ ಹದಿನೈದು ದಿನಾ ಆಗಿಲ್ಲ. ನಮ್ಮ ತಾಯಿಗೆ ಗೊತ್ತಾತಂದ್ರ..."

"ಅಯ್ಯ, ಬ್ಯಾಡ್ರಿ ಮಾಸ್ತರ!" ಎಂದು ಮುಕ್ತಾಬಾಯಿಯವರು ಕರುಳು ಕಿತ್ತವರ ಹಾಗೆ ಅಂದರು. "ಪಾಪ, ಆ ತಾಯಿ ಜೀವಾ ಎಷ್ಟ ನೊಂದೀತು!"

ಹೆಂಗಸರೆಲ್ಲ ಹೌದೌದು ಎಂದು ತಲೆದೂಗಿದರು. ಧಾರವಾಡದಲ್ಲಿದ್ದ, ಯಾರೂ ಕಾಣದ ಒಬ್ಬ ತಾಯಿಗೆ ಊರಿನ ಕರುಳು ಕರಗಿತು. ಇಲ್ಲಿ ಗೋಡೆಗೆ ಆತು ನಿಂತವಳು ಯಾರ ಕಣ್ಣಿಗೂ ತಾಯಿಯಾಗಿ ಕಾಣಲಿಲ್ಲ.

ನಾನು ಎದ್ದೆ. ಸಾಯಲು ಹೊರಟಳೆಂದು ಜನ ಕತ್ತು ಚಾಚಿದರು. ನಾನು ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಹಡಗಿನ ಮುಂಭಾಗಕ್ಕೆ ಬಂದೆ. ಅಲ್ಲಿ ಕಟ್ಟೆಯ ಮೆಟ್ಟಿಲುಗಳು. ಅವುಗಳ ಕೆಳಗಿನ ಅಂಗಳವೇ ಮಂಗಳಗ್ರಹ. ಅಲ್ಲಿ ಇಳಿಯುವುದು ಮುಂದಿನ ಶನಿವಾರ, ಇಳಿಯುವವನು ಬಾಳಕೃಷ್ಣ.

"ರಹೀಮಾ, ಅದು ಹತ್ತನೇ ಕಂತು!" ಎಂದು ಮಾಸ್ತರರು ಚೀರಿದರು.

ನಾನು ಮೆಟ್ಟಿಲಿಳಿದು ಅಂಗಳದ ನಡುವೆ ಎರಡೂ ಕಾಲೂರಿ ನಿಂತೆ. ಮಂಗಳದ ಮೇಲೆ ಹೇಳಲು ಮಾಸ್ತರರು ಮಾನವಕುಲದ ಬಗ್ಗೆ ಉದ್ದನ್ನ ಭಾಷಣ ಬರೆದುಕೊಟ್ಟಿದ್ದರು. ಅದರ ಒಂದು ಶಬ್ದವನ್ನೂ ನಾಲಿಗೆಗೆ ಬರಗೊಡಲಿಲ್ಲ.

"ಅಮ್ಮಾ!" ಎಂದು ಕೂಗಿದೆ. "ನಾ ಮುಟ್ಟೀನಿ. ಇವರು ಯಾರನ್ನ ಬೇಕಾದ್ರೂ ಸಾಯಿಸಲಿ."

ಅಮ್ಮ ಜನರನ್ನು ಸರಿಸಿಕೊಂಡು ನನ್ನ ಕಡೆ ಬರತೊಡಗಿದಳು. ಮೇಲೆ ಹಡಗಿನಲ್ಲಿ ಮಾಸ್ತರರು, ಬಾಳಕೃಷ್ಣ, ಲೀಲಾಬಾಯಿ ಮೂವರೂ ನಿಂತಲ್ಲೇ ನಿಂತಿದ್ದರು. ಅವರಿಗೆ ಗಾಳಿ ಸಾಲುತ್ತದೋ ಇಲ್ಲವೋ ಎಂದು ನಾನು ತಿರುಗಿ ನೋಡಲಿಲ್ಲ.