ಮುಂದಿನ ಎರಡು ಗಾಲಿ

ಮತ್ತೆ ಹೊತ್ತಿಕೊಂಡಿತು, ಸ್ಟಿಯರಿಂಗಿನ ಹಿಂದಿನ ಪುಟ್ಟ ಪರದೆಯಲ್ಲಿ ಗಾಡಿಯ ಚಿತ್ರ, ಮೇಲಿನಿಂದ ಕಂಡಂತೆ ನಾಲ್ಕು ಗಾಲಿ, ಹಿಂದಿನವು ಯಾವಾಗಲೂ ಹಸಿರು, ಮುಂದಿನವು ಕಪ್ಪು, ಆ ಕಪ್ಪು ಗಾಲಿಗಳೇ ಈಗ ಒಂದು ಕ್ಷಣ ಹಸಿರಾಗಿ, ಬೆಕ್ಕು ನಿದ್ದೆಯಲ್ಲಿ ಕಣ್ಣು ಬಿಟ್ಟು ಮುಚ್ಚಿದ ಹಾಗೆ, ಆರಿಹೋದವು — ಯಾಕೆ, ಇಲ್ಲಿ ಏನಿದೆ, ನೆಲ ಒಣಗಿ ಸಿಮೆಂಟಿನ ಹಾಗಿದೆ, ಜಾರುವಂಥದ್ದು ಏನೂ ಇಲ್ಲ, ಕಣ್ಣು ಹಾಯುವಷ್ಟು ದೂರ ಉಪ್ಪು, ಬಿಳಿ, ಚಪ್ಪಟೆ, ಮೇಲೆ ಅದೇ ಬಿಳಿಯ ಆಕಾಶ, ಎಲ್ಲಿ ನೆಲ ಮುಗಿಯಿತು ಎಲ್ಲಿ ಆಕಾಶ ಶುರುವಾಯಿತು ಎಂದು ಹೇಳುವ ಹಾಗಿಲ್ಲ, ಹಾಡಹಗಲು, ಆದರೆ ಗಾಡಿಗೆ ನೆರಳಿಲ್ಲ, ಓಡಿಸುತ್ತಿದ್ದ ಇವಳು ಕಿಟಕಿಯಿಂದ ಬಗ್ಗಿ ನೋಡಿದಳು, ನಿಜಕ್ಕೂ ಇಲ್ಲ. ಅದೇನು ನಿನ್ನ ಗಾಡಿ ನಂಗೆ ಕಣ್ಣು ಹೊಡೀತಾ ಇದೆ, ಅಂದರು ಅತ್ತೆ ಹಿಂದಿನ ಸೀಟಿನಿಂದ, ಎರಡು ಸೀಟುಗಳ ನಡುವೆ ಕತ್ತು ತೂರಿಸಿಕೊಂಡು, ಏನಿಲ್ಲ ಅತ್ತೆ, ಗಾಲಿ ಸ್ವಲ್ಪ ಜಾರಿದ್ರೆ ಹಾಗಾಗುತ್ತೆ, ಅಂದಳು ಇವಳು. ಅತ್ತೆ ಹಿಂದೆಯೇ ಕೂರುವುದು. ಮಗ ಓಡಿಸುವಾಗಲೂ ಅಲ್ಲೇ, ಅವನ ಬೆನ್ನಿಗೆ ಸರಿಯಾಗಿ, ಮುಂದೆ ಬಾ ಅಮ್ಮಾ ಅಂದರೆ ಮುಂದೆ ಕೂತರೆ ಎಲ್ಲಾ ನನ್ನ ಮೇಲೇ ಬರ್ತಾ ಇರುತ್ತೆ ಅನ್ನುತ್ತಿದ್ದರು, ಈಗ ಸೊಸೆಯ ಬೆನ್ನಿಗೆ, ಮಡಿಲಲ್ಲಿ ನೀರಿನ ಬಾಟಲಿ, ಮಗ ಹೋದಾಗಿನಿಂದ ಇಂದಿನವರೆಗೆ ಒಂದು ಹನಿ ಕಣ್ಣೀರು ಹಾಕದ ಮುಖ. ನಾಳೆ ಕಾರ್ಖಾನೆಯವರೆಲ್ಲಾ ಸೇರಿ ಏನೋ ಒಂದು ತೀರ್ಮಾನ ಮಾಡ್ತಾರಂತಲ್ಲಾ, ಅದಕ್ಕೆ ಮುಂಚೆ ನಾನೊಂದು ಸಲ ಆ ಜಾಗ ನೋಡ್ಬೇಕು, ಎಂದು ಬೆಳಿಗ್ಗೆ ಎದ್ದವರೇ ಬಟ್ಟೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದರು, ಇವಳು ಗಾಡಿಯ ಕೀಲಿ ತೆಗೆದುಕೊಂಡಳು.

ಆ ಜಾಗ, ಎಲ್ಲರೂ ಹಾಗೇ ಕರೆಯುವುದು, ಅವನು ಸತ್ತ ಜಾಗ ಅಂತ ಯಾರ ಬಾಯಲ್ಲೂ ಬರುವುದಿಲ್ಲ, ಯಾಕೆಂದರೆ ಸತ್ತವನು ಸಿಕ್ಕಿಲ್ಲ, ಸಿಕ್ಕಿದ್ದು ಗಾಡಿ ಮಾತ್ರ, ಬಯಲಿನ ನಟ್ಟನಡುವೆ, ಇಂಜಿನ್ ಓಡುತ್ತಾ, ಡ್ರೈವರ್ ಬದಿಯ ಬಾಗಿಲು ತೆರೆದುಕೊಂಡು. ಈ ಉಪ್ಪು ಒಂದು ಸಿಪ್ಪೆ ಅಷ್ಟೇ, ಒಂದೊಂದು ಕಡೆ ಮೊಳದಷ್ಟು ದಪ್ಪ, ಒಂದೊಂದು ಕಡೆ ಹಪ್ಪಳದಷ್ಟು, ಕೆಳಗೆ ಕಪ್ಪು ಕೆಸರು, ಅದು ಬಾಯಿ ಬಿಟ್ಟು ಮುಚ್ಚಿಕೊಂಡರೆ ವಾರದೊಳಗೆ ಮೇಲೆ ಮತ್ತೆ ಬಿಳಿ ಕಟ್ಟುತ್ತದೆ, ಇಲ್ಲಿ ಏನೂ ಆಗಿಯೇ ಇಲ್ಲ ಎಂಬಂತೆ. ಅವನ ಕೆಲಸವೇ ಅದು, ಉಪ್ಪಿನ ಕಾರ್ಖಾನೆಯ ಗಾಡಿಗಳಿಗೆ ದಾರಿ ಗುರುತು ಹಾಕುವುದು, ಗಟ್ಟಿ ನೆಲ ಹುಡುಕಿ ಕಂಬ ನೆಡುವುದು, ಅವನು ನೆಟ್ಟ ಕಂಬಗಳ ನಡುವೆ ಹೋದವರು ಯಾರೂ ಹೂತುಕೊಂಡಿದ್ದಿಲ್ಲ. ಇವಳದು ಅದೇ ಕಾರ್ಖಾನೆಯ ಪ್ರಯೋಗಾಲಯ, ಬಯಲಿನ ಆಚೆಯ ಕೊಳವೆಬಾವಿಗಳಿಂದ ಉಪ್ಪುನೀರಿನ ಮಾದರಿ ತಂದು ನೋಡುವುದು, ಮೊದಲು ತರಲಿಕ್ಕೆ ಬೇರೆ ಡ್ರೈವರ್ ಇದ್ದ, ಅವನನ್ನು ತೆಗೆದುಹಾಕಿದ ಮೇಲೆ ನೀವೇ ಓಡಿಸ್ಕೊಂಡು ಹೋಗಿ ಅಂದರು, ಆಗ ಗಂಡನೇ ಕಲಿಸಿದ್ದು, ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ, ಮಳೆ ಬಂದು ನಿಂತಿತ್ತು, ಟಾರಿನ ಮೇಲೆ ಅಲ್ಲಲ್ಲಿ ನೀರು — ಈ ನಾಬ್ ನೋಡು, ಟಾರು ಒಣಗಿದ್ರೆ ಹಿಂದಿನ ಎರಡೇ ಗಾಲಿ ಸಾಕು, ಸುಮ್ನೆ ನಾಲ್ಕನ್ನೂ ಯಾಕೆ ದುಡಿಸ್ಬೇಕು, ಇವತ್ತಿನ ಥರ ಒಂದು ಕಡೆ ಒಣಗಿದೆ ಒಂದು ಕಡೆ ಒದ್ದೆ, ತಿರುವಿನಾಚೆ ಜಲ್ಲಿ ಬಿದ್ದಿದೆಯೋ ಇಲ್ವೋ ಗೊತ್ತಿಲ್ಲ, ಆಗ ಆಟೋಗೆ ಹಾಕು, ಹಿಂದಿನ ಗಾಲಿ ಜಾರಿದ್ರೆ ಗಾಡೀನೇ ಮುಂದಿನವಕ್ಕೂ ಶಕ್ತಿ ಕೊಡುತ್ತೆ, ಪರದೇಲಿ ಅವೂ ಹಸಿರಾಗುತ್ತೆ. ಮತ್ತೆ ಇನ್ನೊಂದು ಯಾಕಿದೆ, ಲಾಕ್ ಅಂತ, ಎಂದು ಕೇಳಿದ್ದಳು ಇವಳು, ಎಲ್ಲಾ ಆಟೋನೇ ನೋಡ್ಕೊಳ್ಳೋದಾದ್ರೆ. ಅವನು ನಕ್ಕಿದ್ದ, ಮೂಗಿನಲ್ಲೇ ನಗುವುದು ಅವನು, ಪೂರ್ತಿ ಕೆಸರು, ಪೂರ್ತಿ ಮರಳು ಅಂತ ಗೊತ್ತಿರೋ ಕಡೆ ಆಟೋ ನಂಬ್ಕೊಂಡು ಹೋಗ್ಬಾರದು, ಮೊದಲೇ ಲಾಕ್ ಮಾಡ್ಬೇಕು, ಆಟೋಗೆ ಎಚ್ಚರ ಆಗೋದು ಜಾರಿದ ಮೇಲೆ, ಜಾರೋಕೆ ಮುಂಚೆ ಅಲ್ಲ. ಜಾರಿದ ಮೇಲೆ. ಅವನು ಮನೆಯಲ್ಲಿ ಮಾತು ಕಡಿಮೆ ಮಾಡಿದ್ದು ಯಾವಾಗಿನಿಂದ, ಊಟದ ತಟ್ಟೆಯ ಮುಂದೆ ಕೂತು ಕಿಟಕಿ ನೋಡುತ್ತಿದ್ದದ್ದು ಯಾವಾಗಿನಿಂದ, ನೆನಪು ಮಾಡಿಕೊಳ್ಳಲು ಹೋದರೆ ಕೈಗೆ ಏನೂ ಸಿಗುವುದಿಲ್ಲ, ಏನು ಯೋಚನೆ ಅಂದರೆ ಏನಿಲ್ಲ, ಅಷ್ಟೇ, ಆಮೇಲೆ ಕಾರ್ಖಾನೆಯ ಸುರಕ್ಷತಾ ಅಧಿಕಾರಿ, ದನಿ ಎತ್ತದ ಮನುಷ್ಯ, ಮೇಜಿನ ಮೇಲೆ ಎರಡು ಕೈಯನ್ನೂ ಜೋಡಿಸಿಟ್ಟುಕೊಂಡು, ಬೇಜಾರು ಮಾಡ್ಕೋಬೇಡಿ ಮೇಡಂ, ಉಪ್ಪಿನ ಮೇಲೆ ಇಳಿದ ತಕ್ಷಣ ಲಾಕ್ ಮಾಡ್ಬೇಕು ಅಂತ ನಿಯಮ ಮಾಡಿದ್ದೇ ನಿಮ್ಮ ಯಜಮಾನ್ರು, ಅವರ ಗಾಡಿ ಸಿಕ್ಕಿದ್ದು ಆಟೋದಲ್ಲಿ, ವಾಪಸ್ ಬರೋ ಮನಸ್ಸಿರೋರು ಹಾಗೆ ಮಾಡ್ತಾರಾ. ಅಲ್ಲಿ ಗೋಡೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಆ ಕಡೆ ಈ ಕಡೆ, ಆ ಕಡೆ ಈ ಕಡೆ, ಇಲ್ಲ ಇಲ್ಲ ಎಂದು ತಲೆಯಾಡಿಸಿದ ಹಾಗೆ, ಇವಳು ಮಾತ್ರ ಇಲ್ಲ ಎನ್ನಲಿಲ್ಲ, ಗೊತ್ತಿಲ್ಲ ಎಂದಳು. ನಾಳೆ ಅದನ್ನೇ ಅತ್ತೆಯ ಮುಂದೆ ಓದುತ್ತಾರೆ, ತಾನಾಗಿಯೇ ಹೋದ ಅಂತ. ಅವನ ಈ ಗಾಡಿಯನ್ನೇ ರಿಪೇರಿ ಮಾಡಿ ತಂದುಕೊಟ್ಟ ಮೆಕ್ಯಾನಿಕ್ ಕೀಲಿ ಕೊಡುತ್ತಾ ಹೇಳಿದ್ದ, ಎಲ್ಲಾ ತೊಳೆದಿದ್ದೀನಿ ಅಕ್ಕಾ, ಆ ನಾಬ್ ಮಾತ್ರ ಮುಟ್ಟಿಲ್ಲ, ಅಣ್ಣ ಇಟ್ಟ ಹಾಗೇ ಇದೆ, ಅದಕ್ಕೇ ಇವಳೂ ಮುಟ್ಟಿಲ್ಲ, ನಿಯಮ ಗಾಳಿಗೆ ತೂರಿ ಅವನು ಬಿಟ್ಟಲ್ಲೇ ಬಿಟ್ಟು ಬಂದಿದ್ದಾಳೆ, ಆಟೋದಲ್ಲಿ, ಅವನು ಏನು ನೋಡಿದನೋ ಅದು ತನಗೂ ಕಾಣಲಿ ಎಂದು.

ಕಾರ್ಖಾನೆಯ ಕೊನೆಯ ಕಂಬ ಹಿಂದೆ ಬಿತ್ತು. ಇಲ್ಲಿಂದ ಮುಂದೆ ದಾರಿಯಿಲ್ಲ, ಹುಡುಕಲು ಬಂದವರು ಕೂಡ ಈ ಕಡೆಯಿಂದ ಬರಲಿಲ್ಲ, ಬಾವಿಗಳ ಕಡೆಯ ಏರಿಯಿಂದ ಇಳಿದು, ಸರಪಳಿ ಗಾಲಿಯ ಯಂತ್ರ ತಂದು ಗಾಡಿಯನ್ನು ಆಚೆಗೇ ಎಳೆದುಕೊಂಡು ಹೋದರು, ಅವನು ಬಂದ ದಾರಿಯಲ್ಲಿ ಯಾರೂ ಬಂದಿಲ್ಲ, ಇವಳೇ ಮೊದಲು. ಹಸಿರು. ಆರಿತು. ಸ್ವಲ್ಪ ದೂರ ಕಪ್ಪು, ಕಪ್ಪು, ಗಾಲಿಯ ಕೆಳಗೆ ಉಪ್ಪು ಪುಡಿಯಾಗುವ ಸದ್ದು, ಮತ್ತೆ ಹಸಿರು, ಈ ಸಲ ಹೊತ್ತಿಕೊಂಡದ್ದು ಬೇಗ ಆರಲಿಲ್ಲ, ಕೂತಲ್ಲಿ ಏನೂ ತಿಳಿಯಲಿಲ್ಲ, ಅಲುಗಲಿಲ್ಲ, ಜಾರಲಿಲ್ಲ, ಗಾಡಿಗೆ ಮಾತ್ರ ಗೊತ್ತಾಯಿತು, ಕೆಳಗೆ ಯಾರೋ ಮಗ್ಗುಲು ಬದಲಿಸಿದ್ದು ಮೇಲೆ ಮಲಗಿದವರಿಗೆ ಗೊತ್ತಾದ ಹಾಗೆ. ಅಲ್ನೋಡು, ಎಂದರು ಅತ್ತೆ, ಬಲಗಡೆ, ತೆಳ್ಳಗಿನ ಒಂದು ಪೈಪು, ತುದಿಯಲ್ಲಿ ಕಿತ್ತಳೆ ಬಣ್ಣದ ಚಿಂದಿ, ಗಾಳಿ ಇಲ್ಲದೆ ಜೋತುಬಿದ್ದಿದೆ, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು, ಕಾರ್ಖಾನೆಯ ಕಂಬಗಳಲ್ಲ ಇವು, ಆ ಕಂಬಗಳಿಗೆ ಕೆಂಪು ತಗಡು ಇರುತ್ತದೆ, ಇದು ಬಟ್ಟೆ, ದಪ್ಪ, ಮಿರುಗುವ, ಅಂಚಿನಲ್ಲಿ ಬಿಳಿ ಹೊಲಿಗೆ — ಅಯ್ಯೋ, ನನ್ನ ರೇನ್‌ಕೋಟು, ಮನೆಯೆಲ್ಲಾ ತಡಕಾಡಿ, ಕೊನೆಗೆ ಬಸ್ಸಿನಲ್ಲಿ ಮರೆತೆ ಎಂದುಕೊಂಡಿದ್ದ ರೇನ್‌ಕೋಟು, ಪಟ್ಟಿ ಪಟ್ಟಿಯಾಗಿ ಹರಿದು, ದೂರದಿಂದ ಕಾಣುವ ಹಾಗೆ. ಪ್ರತಿ ಪೈಪಿನ ಹತ್ತಿರವೂ ಹಸಿರು ಹೊತ್ತಿಕೊಳ್ಳುತ್ತದೆ. ಪೈಪು ಕಳೆದರೆ ಆರುತ್ತದೆ. ಲಾಕ್ ಮಾಡಿದ್ದರೆ ನಾಲ್ಕೂ ಗಾಲಿ ಸದಾ ಹಸಿರಾಗಿಯೇ ಉರಿಯುತ್ತಿದ್ದವು, ಗಟ್ಟಿ ನೆಲವೂ ಒಂದೇ ಮೆತ್ತನೆಯ ನೆಲವೂ ಒಂದೇ, ಆಟೋದಲ್ಲಿದ್ದರೆ ಮಾತ್ರ ಗಾಡಿ ಹೇಳುತ್ತದೆ, ಇಲ್ಲಿ, ಇಲ್ಲಿ, ಇಲ್ಲಿ, ಕಣ್ಣಿಲ್ಲದವರು ಕೋಲು ತಟ್ಟಿಕೊಂಡು ಹೋದಂತೆ ಹೋಗಿದ್ದಾನೆ ಅವನು, ಈ ಗಾಡಿಯನ್ನೇ ಕೋಲು ಮಾಡಿಕೊಂಡು, ಬೇರೆಯವರಿಗೆ ಬೇಡ ಅಂದದ್ದನ್ನು ತಾನು ಮಾಡುತ್ತಾ, ಹಸಿರು ಹೊತ್ತಿದಲ್ಲಿ ನಿಲ್ಲಿಸಿ, ಇಳಿದು, ಹಿಮ್ಮಡಿ ಊರಿ ನೆಲ ಒತ್ತಿ — ಹಾಗೇ ನೋಡುವುದು ಅವನು, ಬಲಗಾಲಿನ ಹಿಮ್ಮಡಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಗುರುತು ಒಣಗಿಯೇ ಇದ್ದರೆ ಸರಿ, ನೀರು ಜಿನುಗಿದರೆ ಕೆಳಗೆ ಕೆಸರು, ಪೈಪು ನೆಡು. ಅವನು ಇಲ್ಲಿಗೆ ಬಂದ ಮಾರನೆಯ ದಿನದಿಂದ ಒಬ್ಬಳೇ ಈ ಬಯಲು ದಾಟಬೇಕಾಗಿದ್ದವಳು ಇವಳು. ಅದೇ ಯೋಚನೆ. ಕಿಟಕಿ ನೋಡುತ್ತಾ ಕೂತಿದ್ದವನ ಯೋಚನೆ ಅದೇ.

ಬ್ರೇಕ್ ಒತ್ತಿಬಿಟ್ಟಿದ್ದಳು, ಒತ್ತಿದ ಮೇಲೆ ತಿಳಿಯಿತು, ಮೆತ್ತನೆಯ ಕಡೆ ನಿಲ್ಲಿಸಬಾರದು, ಆದರೆ ಕಣ್ಣು ಮಂಜಾಗಿತ್ತು, ಒರೆಸಿಕೊಂಡು ನೋಡುವಷ್ಟರಲ್ಲಿ ಹಿಂದಿನ ಬಾಗಿಲು ತೆರೆದ ಸದ್ದು, ಅತ್ತೆ ಇಳಿದಾಗಿದೆ, ಇಳಿದು ನಡೆದಾಗಿದೆ, ಹತ್ತಿ ಸೀರೆಯ ಸಣ್ಣ ಮೈ, ತೆಳು ರಬ್ಬರ್ ಚಪ್ಪಲಿ, ಉಪ್ಪಿಗೆ ಅವರ ಭಾರವೇ ಗೊತ್ತಾಗದ ಹಾಗೆ ಪೈಪಿನ ಕಡೆ ಹೋಗುತ್ತಿದ್ದಾರೆ. ಅತ್ತೆ, ಬನ್ನಿ, ಗಾಡಿ ಕೂತ್ಕೊಳ್ತಾ ಇದೆ, ಎಂದು ಕೂಗಿದಳು, ಆ ಬಯಲಿನಲ್ಲಿ ದನಿ ಬಾಯಿ ಬಿಟ್ಟ ಕೂಡಲೇ ಬಿದ್ದುಹೋಗುತ್ತದೆ, ಅತ್ತೆ ತಿರುಗಲಿಲ್ಲ, ಚಿಂದಿಯನ್ನು ಕೈಯಲ್ಲಿ ಹಿಡಿದು ನಿಂತರು, ಆಮೇಲೆ ಮುಖ ಎತ್ತಿದರು, ಪಕ್ಕಕ್ಕೆ, ತಮಗಿಂತ ಎತ್ತರದವರು ಪಕ್ಕದಲ್ಲಿ ನಿಂತರೆ ಎಷ್ಟು ಎತ್ತಬೇಕೋ ಅಷ್ಟು, ತುಟಿ ಅಲ್ಲಾಡಿತು, ತಲೆ ಆಡಿಸಿದರು, ಕೇಳಿಸಿಕೊಂಡರು, ಮತ್ತೆ ಆಡಿಸಿದರು. ಗಾಡಿ ಎಡಕ್ಕೆ ಬೆರಳಷ್ಟು ವಾಲಿತು. ಇವಳು ಇಳಿಯಬೇಕೇ, ಇಳಿದರೆ ಗಾಡಿ ಯಾರು ನೋಡುತ್ತಾರೆ, ಇಳಿಯದಿದ್ದರೆ ಅತ್ತೆಯನ್ನು ಯಾರು, ಬಾಗಿಲಿನ ಹಿಡಿಯ ಮೇಲೆ ಒಂದು ಕೈ, ನಾಬಿನ ಮೇಲೆ ಒಂದು ಕೈ, ಅಷ್ಟರಲ್ಲಿ ಅತ್ತೆ ಬಂದರು, ಹೋದಷ್ಟೇ ನಿಧಾನವಾಗಿ, ಈ ಸಲ ಹಿಂದೆ ಕೂರಲಿಲ್ಲ, ಮುಂದಿನ ಬಾಗಿಲು ತೆಗೆದು ಪಕ್ಕದಲ್ಲಿ ಕೂತರು, ಮುಖ ತೊಯ್ದು ಹೋಗಿತ್ತು, ಅಷ್ಟು ತಿಂಗಳ ನೀರು. ಹೊರಡು ಅಮ್ಮಾ, ಎಂದರು, ಲಾಕ್ ಮಾಡ್ಕೊಂಡು ನಿಧಾನಕ್ಕೆ ಬಿಡಬೇಕಂತೆ, ನಿಲ್ಲಿಸ್ಬಾರದಂತೆ. ಯಾರಂದ್ರು ಅತ್ತೆ, ಎಂದು ಕೇಳಿದಳು ಇವಳು. ಅತ್ತೆ ಸೊಸೆಯ ಮುಖ ನೋಡಿದರು, ಇದೇನು ಪ್ರಶ್ನೆ ಎಂಬಂತೆ. ಅತ್ತೆಗೆ ಲಾಕ್ ಅಂದರೆ ಬೀರುವಿನದು ಗೊತ್ತು, ಬಾಗಿಲಿನದು ಗೊತ್ತು, ಗಾಡಿಯ ಆ ನಾಬಿನ ಹೆಸರು ಯಾರೂ ಅವರಿಗೆ ಹೇಳಿದ್ದಿಲ್ಲ.

ಲಾಕ್ ಮಾಡಿದಳು. ನಾಲ್ಕೂ ಹಸಿರು, ಆರದ ಹಸಿರು, ಆಕ್ಸಿಲರೇಟರಿನ ಮೇಲೆ ಕಾಲನ್ನು ಮೊಟ್ಟೆಯ ಮೇಲೆ ಇಟ್ಟ ಹಾಗೆ ಇಟ್ಟಳು, ಗಾಡಿ ನರಳಿತು, ಕೆಸರು ಬಿಡಲಿಲ್ಲ, ಬಿಡಲಿಲ್ಲ, ಬಿಟ್ಟಿತು, ದೊಡ್ಡ ವೃತ್ತ ಹಾಕಿ ತಿರುಗಿಸಿದಳು, ಆದರೆ ಈಗ ಗಾಡಿ ಮೂಕ, ಯಾವುದು ಗಟ್ಟಿ ಯಾವುದು ಅಲ್ಲ ಎಂದು ಹೇಳುವವರಿಲ್ಲ, ಬಂದ ಗಾಲಿಯ ಗುರುತು ಹಿಡಿದು ಹೋಗೋಣವೆಂದರೆ ಅದರಲ್ಲಿ ಆಗಲೇ ಕಪ್ಪು ನೀರು ನಿಂತು ಕನ್ನಡಿಯಾಗಿದೆ, ಆಗ ಕಂಡದ್ದು, ಬಾನೆಟ್ಟಿನ ಮುಂದೆ ಸ್ವಲ್ಪವೇ ದೂರದಲ್ಲಿ, ಒಂದು ಹಿಮ್ಮಡಿಯ ಗುರುತು. ಬರಿಯ ಹಿಮ್ಮಡಿ, ಪಾದವಿಲ್ಲ, ಅರ್ಧಚಂದ್ರದಂತೆ ಆಳವಾಗಿ ಒತ್ತಿದ್ದು, ಅತ್ತೆಯ ಚಪ್ಪಲಿಯದಲ್ಲ, ಅದು ಗುರುತೇ ಮೂಡಿಸಿರಲಿಲ್ಲ, ಇವಳು ಇಳಿದೇ ಇಲ್ಲ, ಹಳೆಯದೂ ಅಲ್ಲ, ಅಂಚಿನ ಉಪ್ಪು ಇನ್ನೂ ಒಳಕ್ಕೆ ಉದುರುತ್ತಿದೆ, ಒಳಗೆ ಒಣಗಿದೆ, ಬಿಳಿಯಾಗಿದೆ. ಅದರ ಮೇಲೆ ಗಾಡಿ ಬಿಟ್ಟಳು. ಮುಂದೆ ಇನ್ನೊಂದು ಹಿಮ್ಮಡಿ, ಒಣಗಿದ್ದು, ಅದರ ಮೇಲೂ. ಮತ್ತೊಂದು, ಎಡಕ್ಕೆ, ಅದರಲ್ಲಿ ಇವಳು ನೋಡುತ್ತಿರುವಂತೆಯೇ ನೀರು ಜಿನುಗಿತು, ಬಲಕ್ಕೆ ತಿರುಗಿಸಿದಳು. ಅತ್ತೆ ಕೈಯಲ್ಲಿ ಕಿತ್ತಳೆ ಚಿಂದಿ ಹಿಡಿದುಕೊಂಡು ಮುಂದೆ ನೋಡುತ್ತಿದ್ದರು, ಅವರಿಗೂ ಕಂಡಿತೋ ಇಲ್ಲವೋ, ಕೇಳುವ ಧೈರ್ಯವಾಗಲಿಲ್ಲ. ನಾಳೆ ಹೇಳಬೇಕು, ಆ ಮೇಜಿನ ಮುಂದೆ, ದನಿ ನಡುಗದ ಹಾಗೆ, ಅವರು ಮರೆತು ಆಟೋದಲ್ಲಿ ಬಿಟ್ಟಿದ್ದಲ್ಲ ಸರ್, ಬೇಕಂತ್ಲೇ ಆಟೋದಲ್ಲಿ ಇಟ್ಟಿದ್ದು, ಸಾಯೋಕಲ್ಲ, ಮೆತ್ತಗಿನ ನೆಲ ಎಲ್ಲಿದೆ ಅಂತ ನೋಡೋಕೆ, ನನಗೋಸ್ಕರ, ಬಂದು ನೋಡಿ, ಪೈಪುಗಳಿವೆ, ಹೇಳುತ್ತಾಳೆ, ಅವರು ಬಂದು ನೋಡುತ್ತಾರೆ, ತೀರ್ಮಾನ ಬದಲಾಗುತ್ತದೆ, ಕೆಲಸದ ಮೇಲಿದ್ದಾಗ ಹೋದ ಎಂದು ಓದುತ್ತಾರೆ, ಅತ್ತೆ ಕೇಳಿಸಿಕೊಳ್ಳುತ್ತಾರೆ, ಪೈಪುಗಳನ್ನು ತೋರಿಸಬಹುದು, ಹಿಮ್ಮಡಿಗಳನ್ನು ಹೇಗೆ ತೋರಿಸುವುದು — ಕೆಂಪು ತಗಡಿನ ಕಂಬಗಳು ಬಂದವು, ಜಲ್ಲಿ ಬಂತು, ಗಾಲಿಗಳ ಸದ್ದು ಬದಲಾಯಿತು, ಟಾರು. ನಿಲ್ಲಿಸಿದಳು. ಇಲ್ಲಿ ನಿಲ್ಲಿಸಬಹುದು, ಇದು ರಸ್ತೆ, ಲಾರಿಗಳು ಓಡಾಡುವ ರಸ್ತೆ, ಇಂಜಿನ್ ಆರಿಸಿದಳು, ನಾಲ್ಕೂ ಹಸಿರು ಆರಿದವು, ಬಾಗಿಲು ತೆರೆದು ಕಾಲು ಕೆಳಗಿಡಲು ಹೋದಳು, ಇಡಲಿಲ್ಲ, ಕಾಲು ಇಡಬೇಕಾದಲ್ಲಿ, ಗಟ್ಟಿ ಟಾರಿನ ಮೇಲೆ, ಟಾರಿನೊಳಕ್ಕೇ ಇಳಿದಂತೆ ಒಂದು ಹಿಮ್ಮಡಿ, ಒಣಗಿದ್ದು, ಕಪ್ಪು, ಒಣಗಿದೆ, ಸರಿ, ಒಣಗಿದ್ದರೆ ಸರಿ, ಕಾಲು ಎತ್ತಿಕೊಂಡೇ ಕೂತಳು, ನೋಡುತ್ತಾ, ಅದರ ತಳದಲ್ಲಿ ಸೂಜಿ ಚುಚ್ಚಿದಷ್ಟು ಹೊಳಪು, ಇಲ್ಲ, ಇದೆ, ನೀರು, ನಿಧಾನಕ್ಕೆ, ಹಿಮ್ಮಡಿಯ ಅಂಚಿನವರೆಗೆ, ನೀರು —